ಮೂಕಜೀವದ ಕಣ್ಣು, ಶ್ರಾವಕನ ಎಚ್ಚರ

ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳ ಸಾಕಣೆಯನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸುತ್ತದೆ. ಆದರೂ ಕ್ರಿ.ಶ. 898ರಲ್ಲಿ ಉತ್ತರಪುರಾಣವು ಪೂಜೆಗೊಂಡ ನಮ್ಮ ಬಂಕಾಪುರದಲ್ಲಿಯೂ ಬೆಕ್ಕು ತಾನಾಗಿ ಬಂದು ಮನೆ-ಅಂಗಡಿಗಳಲ್ಲಿ ನೆಲೆಸುತ್ತದೆ. ಸಾಕಬೇಕೆ ಎಂಬ ಪ್ರಶ್ನೆ ಬೇರೆ. ಆಶ್ರಯಿಸಿದ ಜೀವದ ಕಣ್ಣು ಕೆಟ್ಟಾಗ ಸುಮ್ಮನಿರಬಹುದೆ ಎಂಬುದು ಬೇರೆ.

ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಬೆಕ್ಕಾದರೋ ನೋವನ್ನು ಅಡಗಿಸಿಕೊಳ್ಳುವ ಪ್ರಾಣಿ. ಆದುದರಿಂದ ಲಕ್ಷಣಗಳನ್ನು ನಾವೇ ಗುರುತಿಸಬೇಕು: ಕಣ್ಣನ್ನು ಕಿರಿದುಮಾಡುವುದು, ನೀರು ಅಥವಾ ಕೀವು ಸೋರುವುದು, ಕೆಂಪೇರುವುದು, ಮಂಜು ಕವಿಯುವುದು, ಮೂಗಿನ ಬದಿಯ ಒಳರೆಪ್ಪೆ ಹೊರಗೆ ಕಾಣುವುದು, ಎರಡು ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸವಾಗುವುದು. ಮರಿಗಳು ಸೀನುತ್ತಿದ್ದು ಕಣ್ಣು ಅಂಟಿಕೊಂಡಿದ್ದರೆ ಅದು ಬಹುಮಟ್ಟಿಗೆ ಸೋಂಕು. ಇತರ ಬೆಕ್ಕುಗಳಿಗೂ ಹರಡೀತು.

ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಅರಳೆಯಿಂದ, ಒಂದೊಂದು ಕಣ್ಣಿಗೆ ಬೇರೆ ಬೇರೆ ತುಂಡು ಬಳಸಿ, ಮೆಲ್ಲನೆ ಒರೆಸಿ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮನುಷ್ಯರಿಗೆ ತಂದು ಉಳಿದ ಕಣ್ಣಿನ ಹನಿಯನ್ನು ಹಾಕಲಾಗದು. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕಣ್ಣಿನ ಹುಣ್ಣು ಉಲ್ಬಣಿಸಿ ದೃಷ್ಟಿಯೇ ಹೋದೀತು. ಅರಿವಿಲ್ಲದ ದಯೆಯೂ ಪ್ರಮಾದವೇ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ನಮ್ಮನ್ನೇ ನಂಬಿದ ಜೀವಕ್ಕೆ ಅನ್ನ ತಡೆಯುವುದು ದೋಷವಾದರೆ, ಸಿಗಬಹುದಾದ ಔಷಧವನ್ನು ಅಲಕ್ಷ್ಯದಿಂದ ತಪ್ಪಿಸುವುದು ಅದಕ್ಕಿಂತ ಕಿರಿದಾದ ದೋಷವೆಂದು ಹೇಗೆ ಹೇಳೋಣ?