ವಾಕ್ಯದ ಕೊನೆಯ ಆ ‘ವೋ’

ಹಾಂಗ್‌ಕಾಂಗ್‌ನಲ್ಲಿ ಚಾ ಚಾನ್ ತೆಂಗ್ ಎಂಬ ಅಗ್ಗದ ಚಹಾ-ತಿಂಡಿ ಹೋಟೆಲುಗಳಿವೆ. ಬೆಳಗಿನ ಗಡಿಬಿಡಿಯಲ್ಲಿ ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ‘ಮ್‌ಗೋಯ್’. ಮಾಣಿಯನ್ನು ಕರೆಯಲೂ ಅದೇ, ಅವನು ಚಹಾ ತಂದಿಟ್ಟಾಗ ಉಪಕಾರ ಹೇಳಲೂ ಅದೇ, ಬಾಗಿಲಲ್ಲಿ ನಿಂತವರಿಗೆ ‘ಸ್ವಲ್ಪ ದಾರಿ ಬಿಡಿ’ ಎನ್ನಲೂ ಅದೇ. ಆದರೆ ಗೆಳೆಯ ಊಟ ಕೊಡಿಸಿದಾಗ, ಯಾರಾದರೂ ಉಡುಗೊರೆ ಕೊಟ್ಟಾಗ ‘ಮ್‌ಗೋಯ್’ ಸಾಲದು, ‘ತೋ ಚೆ’ ಎನ್ನಬೇಕು. ಅಲ್ಲಿನ ಕ್ಯಾಂಟನೀಸ್ ಆಡುಮಾತು ಕಲಿಯುವವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಈ ವಿವೇಚನೆಯನ್ನು.

ಇದಕ್ಕೆ ಪುಸ್ತಕದ ನೆರವು ಅಷ್ಟಕ್ಕಷ್ಟೆ. ಅಲ್ಲಿನವರು ಶಾಲೆಯಲ್ಲಿ ಬರೆಯಲು ಕಲಿಯುವುದು ಶಿಷ್ಟ ಚೀನೀ ಭಾಷೆಯನ್ನು, ಮನೆಯಲ್ಲಿ ಆಡುವ ನುಡಿ ಬೇರೆ. ಹಾಡು ಕೇಳಿ ಕಲಿಯೋಣವೆಂದರೆ ಕ್ಯಾಂಟನೀಸ್ ಪಾಪ್ ಗೀತೆಗಳಲ್ಲೂ ಹೆಚ್ಚಿನವು ಶಿಷ್ಟ ಬರಹದಲ್ಲೇ ಇವೆ. 1970ರ ದಶಕದಲ್ಲಿ ಸ್ಯಾಮ್ ಹುಯಿ ಬೀದಿಯ ಮಾತನ್ನೇ ಹಾಡಿಗೆ ತಂದು, ದುಡಿಯುವವರ ಪಾಡನ್ನು ಅವರದೇ ನುಡಿಯಲ್ಲಿ ಹಾಡಿದರು. ಆಡುಮಾತಿನ ರುಚಿ ಬೇಕಿದ್ದವರು ಅವರನ್ನು ಕೇಳಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ವಾಕ್ಯದ ಕೊನೆಗೆ ಅಂಟಿಕೊಳ್ಳುವ ಪುಟ್ಟ ಪುಟ್ಟ ಅಕ್ಷರಗಳು. ‘ಖೋಯ್ ಮ್ ಲೇಯ್’ ಎಂದರೆ ‘ಅವನು ಬರುವುದಿಲ್ಲ’. ಕೊನೆಯಲ್ಲಿ ‘ವೋ’ ಸೇರಿಸಿ ದನಿಯನ್ನು ತಗ್ಗಿನಿಂದ ಮೇಲಕ್ಕೆ ಎಳೆದರೆ ‘ಬರುವುದಿಲ್ಲವಂತೆ’. ಅದೇ ‘ವೋ’ವನ್ನು ಏರಿಸದೆ ಸಮದನಿಯಲ್ಲಿ ಬಿಟ್ಟರೆ ‘ಅರೆ, ಬರುವುದಿಲ್ಲವಲ್ಲ!’ ‘ವೋ’ ಬದಲು ‘ಮೆ’ ಹಾಕಿದರೆ ‘ಏನು, ಬರುವುದಿಲ್ಲವೇ?’ ಎಂಬ ಅಚ್ಚರಿ. ಇನ್ನೊಬ್ಬರಿಂದ ಕೇಳಿದ್ದನ್ನು ತಾನು ಕಂಡಂತೆ ಹೇಳಬಾರದೆಂಬ ಎಚ್ಚರ ಕನ್ನಡಿಗರಿಗೆ ‘ಅಂತೆ’ಯ ಜೊತೆಗೇ ಬಂದಿದೆ. ಹಾಗಾಗಿ ‘ವೋ’ದ ಅರ್ಥ ನಮಗೆ ಬೇಗ ಹಿಡಿಯುತ್ತದೆ. ಕಷ್ಟವಿರುವುದು ದನಿಯಲ್ಲಿ. ಕ್ಯಾಂಟನೀಸಿಗೆ ಆರು ಬಗೆಯ ಏರಿಳಿತಗಳಿವೆ, ಒಂದು ತಪ್ಪಿದರೂ ಮಾತು ಬೇರೆಯೇ ಆಗಿಬಿಡುತ್ತದೆ. ಆ ಭಾಷೆ ಆಡುವವರ ಪಕ್ಕದಲ್ಲಿ ಕೂತು ಕೇಳದೆ ಇದು ಬರುವುದಿಲ್ಲ.

ಹೊಸಬರಿಗೆ ಬೈಗುಳ ಕಲಿಯುವ ಚಪಲ ಜಾಸ್ತಿ. ಸಿನಿಮಾಗಳಲ್ಲಿ ಅವು ಬೇಕಾದಷ್ಟು ಸಿಗುತ್ತವೆ ಕೂಡ. ಯಾರ ಜೊತೆ ಎಷ್ಟು ಸಲಿಗೆ ಎಂಬುದು ತಿಳಿಯುವವರೆಗೆ ಅವು ಬಾಯಿಗೆ ಬರದಿರುವುದೇ ಒಳ್ಳೆಯದು. ಅದರ ಬದಲು ‘ಗಾ ಯೌ’ ಕಲಿಯಲಿ. ಪದಶಃ ‘ಎಣ್ಣೆ ಹಾಕು’, ಹುರಿದುಂಬಿಸುವ ಮಾತು. ಪರೀಕ್ಷೆಗೆ ಹೊರಟ ಮಗುವಿಗೆ, ಸೋಲುತ್ತಿರುವ ತಂಡಕ್ಕೆ, ಕೆಲಸ ಕಳೆದುಕೊಂಡ ಗೆಳೆಯನಿಗೆ, ಎಲ್ಲರಿಗೂ ಸಲ್ಲುತ್ತದೆ. ಇದರ ಇಂಗ್ಲಿಷ್ ರೂಪ 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನೂ ಸೇರಿದೆ.