ಇಂದಿನ ಚಿಂತನೆ: ಮುಚ್ಚಿದ ಮುಷ್ಟಿ



ಲಿನಕ್ಸ್ ಕಂಪ್ಯೂಟರಿಗೆ ವಿಪಿಎನ್ ಹಾಕಲು ಕೂತಿದ್ದೆ. ಸೂಚನೆಯಲ್ಲಿ ‘ಕರ್ನೆಲ್‌ನಲ್ಲಿ ಟನ್ ಇರಲಿ’ ಎಂದಷ್ಟೇ ಇತ್ತು. ಎಲ್ಲಿ, ಹೇಗೆ ಎಂದಿಲ್ಲ. ಕರ್ನೆಲನ್ನೇ ಹೊಸದಾಗಿ ಕಟ್ಟಬೇಕೇನೋ ಎಂದು ಎರಡು ರಾತ್ರಿ ಹೆಣಗಿದೆ. ನೋಡಿದರೆ, ಅದು ಮಾಡ್ಯೂಲ್ ಆಗಿ ಮೊದಲೇ ಇತ್ತು. ‘ಮಾಡ್‌ಪ್ರೋಬ್ ಟನ್’ ಎಂಬ ಒಂದೇ ಕಮಾಂಡ್ ಸಾಕಾಯಿತು.

ಬರೆದವರ ಮೇಲೆ ಸಿಟ್ಟು ಬಂತು. ಆದರೆ ಛಂದಸ್ಸು ಕಲಿಸುವಾಗ ನಾನೂ ‘ಇದು ನಿಮಗೆ ಗೊತ್ತೇ ಇದೆ’ ಎಂದು ಮುಂದೆ ಹೋಗುತ್ತೇನೆ. ಗೊತ್ತಿಲ್ಲದ ಮಗು ತಾನೇ ದಡ್ಡ ಎಂದುಕೊಂಡು ಸುಮ್ಮನಾಗುತ್ತದೆ.

ಗುರುವಿನ ಮುಚ್ಚಿದ ಮುಷ್ಟಿ ತಮ್ಮಲ್ಲಿಲ್ಲ ಎಂದು ಬುದ್ಧರು ಆನಂದನಿಗೆ ಹೇಳಿದ್ದರು. ಅಕ್ಷರವನ್ನು ಮುಚ್ಚಿಟ್ಟವರಿಂದ ನೊಂದವರು ನಾವು. ನಮ್ಮ ಅವಸರವೂ ಮುಚ್ಚಿದ ಮುಷ್ಟಿಯೇ.

ಇಂದು ಯಾರಿಗಾದರೂ ಏನಾದರೂ ಹೇಳಿಕೊಡುವಾಗ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡೋಣ.

ಭವತು ಸಬ್ಬ ಮಂಗಲಂ.