ನಿರೀಕ್ಷೆ ಇದ್ದವರು ಅಳಬಾರದಾ?

ಕ್ರೈಸ್ತರ ಮನೆಯಲ್ಲಿ ಸಾವಾದಾಗ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ಅಳಬೇಡಿ, ಅವರು ಕರ್ತನ ಹತ್ತಿರ ಹೋಗಿದ್ದಾರೆ. ನಮಗೆ ನಿರೀಕ್ಷೆ ಇದೆಯಲ್ಲ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿನೊಳಗೆ ಒಂದು ಲೆಕ್ಕ ಅಡಗಿದೆ. ನಿರೀಕ್ಷೆ ಹೆಚ್ಚಾದಷ್ಟೂ ಕಣ್ಣೀರು ಕಡಿಮೆಯಾಗಬೇಕು ಅನ್ನುವ ಲೆಕ್ಕ. ಹಾಗಾದರೆ ತುಂಬಾ ಅತ್ತವರ ನಂಬಿಕೆ ಕಡಿಮೆ ಅಂತಾಯಿತು. ಈ ಲೆಕ್ಕ ಸರೀನಾ?

ಕಳೆದ ವರ್ಷ ನನ್ನ ಸೋದರತ್ತೆ ತೀರಿಕೊಂಡಾಗಿನಿಂದ ಈ ಪ್ರಶ್ನೆ ನನ್ನ ಜೊತೆಗೇ ಓಡಾಡುತ್ತಿದೆ. ನಮ್ಮ ಕಡೆ ಅತ್ತಿ ಅಂತೀವಿ. ಬೆಟಗೇರಿಯಲ್ಲಿ ಕನ್ನಡ ಶಾಲೆ ಟೀಚರ್ ಆಗಿದ್ದರು, ಮದುವೆ ಆಗಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ನನಗೆ ಅಕ್ಷರ ತಿದ್ದಿಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತದ್ದು, ರವಿವಾರ ಕೈಹಿಡಿದು ಚರ್ಚಿಗೆ ಕರೆದೊಯ್ದದ್ದು ಎಲ್ಲ ಅತ್ತಿಯೇ. ಆಗ ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಕಂಪನಿಯಲ್ಲಿ ಸಾವಿನ ರಜೆಗೆ ಒಂದು ಪಟ್ಟಿ ಇತ್ತು. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಮದರ್-ಇನ್-ಲಾ ಕೂಡ. ಅಪ್ಪನ ಅಕ್ಕ ಮಾತ್ರ ಇರಲಿಲ್ಲ. ಕನ್ನಡದಲ್ಲಿ ಇಬ್ಬರೂ ಅತ್ತೆಯೇ. ನನಗಿನ್ನೂ ಇಲ್ಲದ ಅತ್ತೆಗೆ ಮೂರು ದಿನ ರಜೆ ಇತ್ತು, ನನ್ನನ್ನು ಬೆಳೆಸಿದ ಅತ್ತಿಗೆ ಇರಲಿಲ್ಲ. ಕ್ಯಾಶುವಲ್ ಲೀವ್ ಹಾಕಿ ಹೋದೆ.

ಆಫೀಸಿನ ಪಟ್ಟಿ ಹೇಳೋದು "ಇದು ಅಷ್ಟು ದೊಡ್ಡ ನಷ್ಟವಲ್ಲ" ಅಂತ. ಸಾವಿನ ಮನೆಗೆ ಬಂದ ಭಕ್ತರು ಹೇಳೋದು "ಇದು ನಷ್ಟವೇ ಅಲ್ಲ" ಅಂತ. ಎರಡೂ ಕಡೆಯವರು ನನ್ನ ಅಳುವಿಗೆ ಜಾಗ ಕೊಡಲಿಲ್ಲ. ಕೊಟ್ಟದ್ದು ಪಕ್ಕದ ಮನೆಯ ಲಿಂಗಾಯತರ ಆಯಿ. ಒಲೆ ಹಚ್ಚದ ನಮ್ಮ ಮನೆಗೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಅಂದರು: "ಉಣ್ರವಾ, ಉಂಡು ಅಳ್ರಿ. ಅಳಾಕೂ ಶಕ್ತಿ ಬೇಕ." ನಿರೀಕ್ಷೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಈ "ನಿರೀಕ್ಷೆ" ಅನ್ನೋ ಪದವನ್ನೇ ಸ್ವಲ್ಪ ನೋಡೋಣ. ಇಂಗ್ಲಿಷ್ ಬೈಬಲ್ಲಿನಲ್ಲಿ "ಹೋಪ್" ಅಂತ ಇರುವ ಕಡೆ ನಮ್ಮ ಕನ್ನಡ ಬೈಬಲ್ಲಿನಲ್ಲಿ ಹೆಚ್ಚಾಗಿ ಇರೋದು ಈ ಪದ. ನಮ್ಮ ದಿನನಿತ್ಯದಲ್ಲಿ ಅದರ ಅರ್ಥ ಬೇರೆಯಾಗಿಬಿಟ್ಟಿದೆ. ಅಪ್ರೈಸಲ್ಲಿನಲ್ಲಿ ನಿರೀಕ್ಷೆ ಮೀರಿದಿರಾ ಇಲ್ಲವಾ ಅಂತ ಕೇಳುತ್ತಾರೆ. ಪಾರ್ಸೆಲ್ ಬರುವ ನಿರೀಕ್ಷಿತ ದಿನ ಫೋನಿಗೆ ಬರುತ್ತದೆ. ಆದರೆ ಪದದ ಬೇರಿನಲ್ಲಿ ಇರೋದು "ಈಕ್ಷ್", ಅಂದರೆ ನೋಡು. ಮನೆಮಾತಿನಲ್ಲಿ ಅದನ್ನೇ ನಾವು ಹಾದಿ ನೋಡೋದು, ಹಾದಿ ಕಾಯೋದು ಅಂತೀವಿ. ನಾನು ಊರಿಗೆ ಹೊರಟ ದಿನ ಅತ್ತಿ ಫೋನ್ ಮಾಡಿ, "ಹಾದಿ ಕಾಯಾಕತ್ತೇನಿ, ಲಗೂನ ಬಾ" ಅನ್ನುತ್ತಿದ್ದರು.

ಹಾದಿ ಕಾಯುವವರನ್ನು ಗಮನಿಸಿದ್ದೀರಾ? ಬರಬೇಕಾದವರು ಇನ್ನೂ ಬಂದಿಲ್ಲ ಅನ್ನೋದು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರೋದು ಅವರಿಗೆ. ಯಾರೂ ಬರೋದಿಲ್ಲ ಅಂತ ಖಾತ್ರಿ ಇರುವವರು ಚಿಲಕ ಹಾಕಿ ಮಲಗುತ್ತಾರೆ. ಕಾಯುವವರು ಎದ್ದಿರುತ್ತಾರೆ, ಪ್ರತಿ ಸಪ್ಪಳಕ್ಕೂ ಬಾಗಿಲಿಗೆ ಹೋಗುತ್ತಾರೆ. ಅಂದರೆ ನಿರೀಕ್ಷೆ ಇದ್ದವರಿಗೆ ಇಲ್ಲದಿರುವಿಕೆಯ ನೋವು ಕಡಿಮೆಯಾಗೋದಿಲ್ಲ, ಹೆಚ್ಚಾಗುತ್ತೆ. ಆ ಲೆಕ್ಕ ತಲೆಕೆಳಗಾಗೋದು ಇಲ್ಲೇ.

"ಅಳಬೇಡಿ" ಅನ್ನುವವರು ಸಾಮಾನ್ಯವಾಗಿ ನೆನಪಿಸೋದು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರವನ್ನು. ಸುಮಾರು ಕ್ರಿ.ಶ. 50ರಲ್ಲಿ ಬರೆದದ್ದು, ಹೊಸ ಒಡಂಬಡಿಕೆಯ ಅತಿ ಹಳೆಯ ಬರಹಗಳಲ್ಲಿ ಒಂದು. ಕ್ರಿಸ್ತನು ಮತ್ತೆ ಬರುವ ಮೊದಲೇ ಸತ್ತುಹೋದ ನಮ್ಮವರ ಗತಿ ಏನು ಅಂತ ಅಲ್ಲಿನವರು ಚಿಂತೆಗೆ ಬಿದ್ದಿದ್ದರು. ನಿರೀಕ್ಷೆ ಇಲ್ಲದವರ ಹಾಗೆ ನೀವು ದುಃಖಿಸಬಾರದು ಅನ್ನೋದು ಪೌಲನ ಮಾತಿನ ಸಾರ. ನಾವು "ದುಃಖಿಸಬಾರದು" ಅನ್ನೋದನ್ನಷ್ಟೇ ಹಿಡಿದುಕೊಂಡು "ಹಾಗೆ" ಅನ್ನೋದನ್ನು ಬಿಟ್ಟುಬಿಡುತ್ತೇವೆ. ಪೌಲನು ದುಃಖವನ್ನು ನಿಷೇಧಿಸುತ್ತಿಲ್ಲ, ಬೇರೆ ಥರದ ದುಃಖವೂ ಒಂದಿದೆ ಅನ್ನುತ್ತಿದ್ದಾನೆ.

ಆ ಬೇರೆ ಥರ ಹೇಗಿರುತ್ತೆ ಅಂತ ನೋಡಬೇಕಾದರೆ ಬೇಥಾನ್ಯಕ್ಕೆ ಹೋಗಬೇಕು. ಲಾಜರ ಸತ್ತು ನಾಲ್ಕು ದಿನ ಆಗಿದೆ. ಯೇಸು ಅವನನ್ನು ಎಬ್ಬಿಸಲಿಕ್ಕೆಂದೇ ಹೊರಟು ಬಂದಿದ್ದಾನೆ, ಶಿಷ್ಯರಿಗೆ ಅದನ್ನು ಮೊದಲೇ ಹೇಳಿದ್ದಾನೆ. ನಮ್ಮ ಲೆಕ್ಕದ ಪ್ರಕಾರ ಅವನು ನಗುತ್ತಾ ಬಂದು, "ಅಳಬೇಡಿ, ಇನ್ನು ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಹೋಗುತ್ತೆ" ಅನ್ನಬೇಕಿತ್ತು. ಮುಂದೆ ಏನಾಗುತ್ತೆ ಅಂತ ಖಚಿತವಾಗಿ ಗೊತ್ತಿದ್ದವನು ಅಲ್ಲಿ ಅವನೊಬ್ಬನೇ. ಅವನೂ ಅತ್ತ. "ನೀನು ಇಲ್ಲಿದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ" ಅನ್ನುವ ಅರ್ಥದಲ್ಲಿ ಮಾರ್ಥಳೂ ಮರಿಯಳೂ ಆಕ್ಷೇಪಿಸಿದಾಗ ಅವರಿಗೆ ನಂಬಿಕೆ ಸಾಲದು ಅಂತ ಗದರಲೂ ಇಲ್ಲ. ಪೌಲನಂತೂ ಕೊರಿಂಥದವರಿಗೆ ಬರೆಯುವಾಗ ಮರಣವನ್ನು ಕಡೆಯ ಶತ್ರು ಅಂತಲೇ ಕರೆಯುತ್ತಾನೆ. ಕ್ರೈಸ್ತ ನಿರೀಕ್ಷೆ ಸಾವಿನ ಜೊತೆ ರಾಜಿಯಾಗಿಲ್ಲ. ಶತ್ರುವಿನ ಕೈಲಿ ನಮ್ಮವರನ್ನು ಕಳಕೊಂಡಾಗ ಅಳದೇ ಇರೋದು ಹೇಗೆ?

ಚಹಾ ಕುಡಿಯುವಾಗ ಗೆಳೆಯನೊಬ್ಬ ಕೇಳಿದ, "ಬೇಜಾರು ಮಾಡ್ಕೋಬೇಡ, ಆದ್ರೆ ಇದೆಲ್ಲ ಒಂದು ಥರ ಪೇನ್‌ಕಿಲ್ಲರ್ ಅಲ್ವಾ?" ಪ್ರಶ್ನೆ ಹೊಸದಲ್ಲ. 1844ರಲ್ಲೇ ಮಾರ್ಕ್ಸ್ ಧರ್ಮವನ್ನು ಅಫೀಮಿಗೆ ಹೋಲಿಸಿದ್ದ. "ಅಳಬೇಡಿ" ಅನ್ನುವ ನಿರೀಕ್ಷೆಯ ಮಟ್ಟಿಗೆ ಗೆಳೆಯನ ಮಾತು ನಿಜ, ಅದು ಪೇನ್‌ಕಿಲ್ಲರೇ. ಅದು ಎಷ್ಟು ಹೊತ್ತು ಬಾಳುತ್ತೆ ಅನ್ನೋದಕ್ಕೆ ಸಿ.ಎಸ್. ಲೂಯಿಸ್ ಸಾಕ್ಷಿ. 1940ರಲ್ಲಿ ಅವನು ನೋವಿನ ಸಮಸ್ಯೆಯ ಬಗ್ಗೆ ಒಂದು ಅಚ್ಚುಕಟ್ಟಾದ ಪುಸ್ತಕ ಬರೆದ. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ಸತ್ತ ಮೇಲೆ ಬರೆದ ಟಿಪ್ಪಣಿಗಳನ್ನು ಮಾರನೇ ವರ್ಷ ಬೇರೆ ಹೆಸರಿನಲ್ಲಿ ಪ್ರಕಟಿಸಿದ. ಅದರಲ್ಲಿ ಆ ಅಚ್ಚುಕಟ್ಟುತನ ಇಲ್ಲ. ಧರ್ಮದ ಸಮಾಧಾನ ಹೇಳಲು ಬರುವವರ ಮೇಲೆ ಸಿಡುಕುತ್ತಾನೆ, ದೇವರ ಮೇಲೂ ರೇಗುತ್ತಾನೆ. ಆದರೆ ದೇವರ ಜೊತೆ ಮಾತು ಬಿಡೋದಿಲ್ಲ. ಪೇನ್‌ಕಿಲ್ಲರ್ ಕೆಲಸ ಮಾಡದಿದ್ದರೆ ನಾವು ಬಿಸಾಕುತ್ತೇವೆ. ನೋವು ಹಾಗೇ ಇದ್ದರೂ ಬಿಟ್ಟುಹೋಗದ್ದು ಏನೋ ಬೇರೆ ಇರಬೇಕು.

ನನ್ನ ನಿರೀಕ್ಷೆಯನ್ನು ಗೆಳೆಯನಿಗೆ ಸಾಬೀತು ಮಾಡಿ ತೋರಿಸೋಕೆ ನನ್ನಿಂದ ಆಗಲ್ಲ. ಅದು ಯಾವುದರ ನಿರೀಕ್ಷೆ ಅಂತ ಮಾತ್ರ ಹೇಳಬಲ್ಲೆ. ಬೆಟಗೇರಿಯಲ್ಲಿ ಮಣ್ಣು ಮಾಡೋದು ನಮ್ಮ ರೂಢಿ ಮಾತ್ರ ಅಲ್ಲ, ಲಿಂಗಾಯತರೂ ಹೂಳುತ್ತಾರೆ. ಅವರು ಲಿಂಗೈಕ್ಯರಾದರು ಅಂತಾರೆ, ನಾವು ನಿದ್ರೆಹೋದರು ಅಂತೀವಿ. ನಾವು ದಿನಾ ಬಳಸುವ "ಸೆಮೆಟ್ರಿ" ಪದದ ಗ್ರೀಕ್ ಮೂಲಕ್ಕೂ ಮಲಗುವ ಜಾಗ ಅಂತಲೇ ಅರ್ಥ. ಐಕ್ಯವಾದವರು ಬೇರೆಯಾಗಿ ಉಳಿಯೋದಿಲ್ಲ. ನಿದ್ರೆಹೋದವರು ಏಳಬೇಕು, ಅದೇ ಆಳಾಗಿ ಏಳಬೇಕು.

ನನಗೆ ಇದು ಯಾಕೆ ಮುಖ್ಯ ಅಂದರೆ, ನನ್ನನ್ನು "ಗುಂಡ್ಯಾ" ಅಂತ ಕರೆಯುತ್ತಿದ್ದದ್ದು ಲೋಕದಲ್ಲಿ ಅತ್ತಿ ಒಬ್ಬರೇ. ಅವರೊಟ್ಟಿಗೆ ಆ ಹೆಸರೂ ಮಣ್ಣಾಯಿತು. ನಮ್ಮವರು ಸತ್ತಾಗ ಅವರ ಕಣ್ಣಿಗೆ ಮಾತ್ರ ಕಾಣುತ್ತಿದ್ದ ನಾವೂ ಸಾಯುತ್ತೇವೆ. "ಆತ್ಮಕ್ಕೆ ಶಾಂತಿ ಸಿಗಲಿ" ಅನ್ನೋ ಸ್ಟೇಟಸ್ ಈ ನಷ್ಟವನ್ನು ಮುಟ್ಟೋದೇ ಇಲ್ಲ. ಆದರೆ ಯೋಹಾನನು ಬರೆದ ಸುವಾರ್ತೆಯಲ್ಲಿ, ಈಸ್ಟರ್ ಬೆಳಗ್ಗೆ, ಮಗ್ದಲದ ಮರಿಯಳು ಸಮಾಧಿಯ ಹತ್ತಿರ ಅಳುತ್ತಾ ನಿಂತಿದ್ದಾಳೆ. ಎದುರಿಗೇ ಇರುವ ಯೇಸುವನ್ನು ತೋಟದ ಮಾಲಿ ಅಂದುಕೊಳ್ಳುತ್ತಾಳೆ. ಅವಳಿಗೆ ಗುರುತು ಸಿಕ್ಕಿದ್ದು ಅವನು ಅವಳ ಹೆಸರು ಹಿಡಿದು ಕರೆದಾಗ. ತೋಮನಿಗೆ ತೋರಿಸಿದ ಕೈಗಳಲ್ಲಿ ಮೊಳೆಯ ಗಾಯಗಳೂ ಹಾಗೇ ಇದ್ದವು. ಪುನರುತ್ಥಾನ ಅಂದರೆ ಹಳೆಯದನ್ನೆಲ್ಲ ಅಳಿಸಿ ಹೊಸ ಖಾತೆ ತೆರೆಯೋದಲ್ಲ. ಹೆಸರು, ದನಿ, ಗಾಯ ಎಲ್ಲವೂ ಉಳಿಯುತ್ತವೆ. ಹಾಗಾಗಿ ನಾನು ಕಾಯುತ್ತಿರೋದು ಶಾಂತಿಗಾಗಿ ಅಲ್ಲ, ಆ ಹೆಸರು ಹಿಡಿದು ಕರೆಯುವ ಅದೇ ದನಿಗಾಗಿ.

ಕನ್ನಡದಲ್ಲಿ "ಕಾಯು" ಅನ್ನೋದಕ್ಕೆ ಎರಡು ಅರ್ಥ ಇವೆ. ಬಸ್ಸಿಗೆ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ನಿರೀಕ್ಷೆ ಈ ಎರಡನ್ನೂ ಕೇಳುತ್ತೆ. ಸತ್ತವರು ಏಳುವ ದಿನಕ್ಕೆ ಕಾಯಬೇಕು, ಅಲ್ಲಿಯವರೆಗೆ ಉಳಿದವರನ್ನು ಕಾಯಬೇಕು. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಸರಿಯಾಗಿ ಮಾಡಿದ್ದು ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಮುಂದೆ ನಿಮ್ಮ ಟೀಮಿನಲ್ಲಿ ಯಾರಾದರೂ ಚಿಕ್ಕಪ್ಪನನ್ನೋ ಅಜ್ಜಿಯನ್ನೋ ಕಳಕೊಂಡು ಬಂದರೆ, ಪಟ್ಟಿಯಲ್ಲಿ ಆ ಸಂಬಂಧ ಇದೆಯಾ ಅಂತ ನೋಡಬೇಡಿ, ಸಮಾಧಾನವನ್ನೂ ಹೇಳಬೇಡಿ. ಹೋದವರು ನಿಮ್ಮನ್ನು ಏನಂತ ಕರೀತಿದ್ರು ಅಂತ ಕೇಳಿ. ಕೇಳಿಸಿಕೊಂಡು, ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.